ತಂತಿ ಮನುಷ್ಯನ ಎಡಗಾಲು

ನಡಿಗೆಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಹರಿಹರದಲ್ಲಿ ಇನ್ನೂ ಹುಟ್ಟಿಲ್ಲ. ಇದನ್ನು ಜಂಬ ಎಂದು ತಿಳಿಯಬಾರದು, ಇದು ಸೇವಾ ದಾಖಲೆ! ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು ನಾನು. ಮುನ್ನೂರು ಮಕ್ಕಳು ಮೈದಾನದಲ್ಲಿ ಲೆಫ್ಟ್-ರೈಟ್ ಹಾಕುವಾಗ ಒಂದೇ ಒಂದು ಕಾಲು ತಪ್ಪಿದರೂ ಸಾಕು, ಕಣ್ಣು ಮುಚ್ಚಿಕೊಂಡು, ಬರೀ ಸದ್ದಿನ ಮೇಲೆ, “ಏಯ್, ಮೂರನೇ ಸಾಲು, ಕೊನೇ ಹುಡುಗ!” ಎಂದು ಸೀಟಿ ಊದುತ್ತಿದ್ದೆ. ಹುಡುಗರೆಲ್ಲ ನನಗೆ ಸೀಟಿ ರುದ್ರಪ್ಪ ಎಂದು ಹೆಸರಿಟ್ಟಿದ್ದರು. ಎದುರಿಗೆ ಯಾರೂ ಹಾಗನ್ನುತ್ತಿರಲಿಲ್ಲ. ಅದೂ ನಾನು ಕಲಿಸಿದ ಶಿಸ್ತೇ.

ಇಂಥ ನನ್ನ ಬಲ ಮಂಡಿ, ನಿವೃತ್ತಿಯಾದ ಮೇಲೆ ನನ್ನ ಆಜ್ಞೆಗೆ ಕಿವಿಗೊಡುವುದನ್ನು ನಿಲ್ಲಿಸಿತು. ಆಪರೇಷನ್ ಆಯಿತು. ಆಮೇಲೆ ಆರು ವಾರ ಮನೆಯ ಮಾಳಿಗೆಯ ಮೇಲೆ ಬೆಳಿಗ್ಗೆ ನಲವತ್ತು ಸುತ್ತು, ಸಂಜೆ ನಲವತ್ತು ಸುತ್ತು ನಡೆದೆ. ಎಲ್ಲಾದರೂ ಮುಗ್ಗರಿಸಿದರೆ ಹಿಡಿಯಬೇಕಲ್ಲ? ಅದಕ್ಕೆ ನನ್ನ ಹೆಂಡತಿ ಸುಶೀಲಾಗೆ ಒಂದು ಸ್ಥಾಯಿ ಆದೇಶ ಹೊರಡಿಸಿದ್ದೆ. ನಾನು ಎಣಿಕೆ ಶುರು ಮಾಡಿದ ಕೂಡಲೇ ಅವಳು ಮೂರು ಹೆಜ್ಜೆ ಹಿಂದೆ ಹೊರಡಬೇಕು. ನೀರಿನ ಬಾಟಲಿ, ಟವೆಲ್, ಮುಲಾಮು ಇರುವ ಚೀಲ ಅವಳ ಹೆಗಲಲ್ಲಿರಬೇಕು. ಆದೇಶವನ್ನು ಒಂದು ದಿನವೂ ತಪ್ಪದೆ ಪಾಲಿಸಿದಳು. ಆದರೆ ಶಿಸ್ತು ಮಾತ್ರ ಸೊನ್ನೆ! ನನ್ನ ಬೂಟು ‘ಟಕ್, ಟಕ್’ ಎಂದರೆ ಹಿಂದಿನಿಂದ ಅವಳ ಚಪ್ಪಲಿ ‘ಟಕ್, ಸರ್ರ್... ಟಕ್, ಸರ್ರ್’ ಎನ್ನುವುದು. ಪೆರೇಡಿನಲ್ಲಿ ಹಿಂದೆ ತಿರುಗಿ ನೋಡುವ ಪದ್ಧತಿ ಇಲ್ಲ. ತಿರುಗದೆಯೇ ಕೂಗುತ್ತಿದ್ದೆ.

“ಸುಶೀಲಾ, ಹೆಜ್ಜೆ ಕೂಡಿಸು!”

“ಕೂಡಿಸ್ತೀನ್ರಿ. ನೀವು ಮುಂದೆ ನೋಡ್ಕೊಂಡು ನಡೀರಿ.”

ಇಷ್ಟೆಲ್ಲ ಪಾಡುಪಟ್ಟಿದ್ದು ಆಗಸ್ಟ್ ಹದಿನೈದಕ್ಕಾಗಿ. ಈ ಸಲ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಬಾವುಟದ ಮುಂದೆ ಮಾರ್ಚ್ ಮಾಡುವುದು, ಎಲ್ಲರ ಮುಂದೆ ನಾನು ನಡೆಯುವುದು ಎಂದು ತೀರ್ಮಾನವಾಗಿತ್ತು. ಅವರ ಸಂಘಕ್ಕೆ ಅಧ್ಯಕ್ಷ ಹಾಲೇಶಿ. ಈಗ ಹಿಟ್ಟಿನ ಗಿರಣಿಯ ಮಾಲೀಕ, ಆಗ ನನ್ನ ಮೈದಾನದಲ್ಲಿ ಅತಿ ಹೆಚ್ಚು ಸುತ್ತು ಓಡಿ ಶಿಕ್ಷೆ ಅನುಭವಿಸಿದ ದಾಖಲೆಗಾರ. ಆ ಸೇಡೋ ಏನೋ, ಮನೆಗೆ ಬಂದು ಕೈ ಹೊಸೆಯುತ್ತಾ ನಿಂತ.

“ಸಾರ್, ನೀವು ಮುಂದೆ ನಡೆದ್ರೇನೇ ಅದಕ್ಕೊಂದು ಕಳೆ. ಆದ್ರೆ ಮಂಡಿ ಹೊಸಾದು. ಬಾವುಟದ ಮುಂದೆ ನೀವು ಬಿದ್ರೆ ನಾವು ಸೆಲ್ಯೂಟ್ ಹೊಡೀಬೇಕೋ, ನಿಮ್ಮನ್ನ ಎತ್ತಬೇಕೋ? ನಡಿಗೆ ಸರಿ ಐತೆ ಅಂತ ಡಾಕ್ಟ್ರ ಕಡೆಯಿಂದ ಒಂದು ಚೀಟಿ ತಂದ್ಬಿಡ್ರಿ.”

ಚೀಟಿ! ನನ್ನ ನಡಿಗೆಗೆ ಚೀಟಿ! ಎಡ ಯಾವುದು ಬಲ ಯಾವುದು ಎಂದು ಈತನಿಗೆ ತೋರಿಸಿಕೊಟ್ಟಿದ್ದೇ ನಾನು. ಈಗ ನಾನು ನಡೆಯಬಲ್ಲೆ ಎಂಬುದಕ್ಕೆ ಈತನಿಗೆ ಕಾಗದ ಬೇಕಂತೆ. ಆಗಲಿ, ಒಂದಲ್ಲ ಹತ್ತು ತರುತ್ತೇನೆ ಎಂದು ಗುಡುಗಿ ಕಳಿಸಿದೆ.

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಫಿಸಿಯೋಥೆರಪಿಯ ಒಂದು ಹೊಸ ಕ್ಲಿನಿಕ್ಕು ಇದೆ, ಅಲ್ಲಿ ಕ್ಯಾಮೆರಾ ಇಟ್ಟು ನಡಿಗೆಯನ್ನೇ ಅಳೆಯುತ್ತಾರೆ ಎಂದು ಗೊತ್ತಾಯಿತು. ಫೋನು ಮಾಡಿದೆ. ಮೇಘನಾ ಎಂಬ ಡಾಕ್ಟರಮ್ಮ ಬಹಳ ವಿನಯದಿಂದ, “ಬನ್ನಿ ಸರ್. ಆದರೆ ಮೈಗೆ ಅಂಟಿದಂಥ ಕಪ್ಪು ಬಟ್ಟೆ ಹಾಕ್ಕೊಂಡು ಬನ್ನಿ,” ಎಂದರು.

ಕಪ್ಪು! ಅದೂ ಮೈಗೆ ಅಂಟಿದ್ದು! ನಾನೇನು ಸರ್ಕಸ್ಸಿನಲ್ಲಿ ಉಯ್ಯಾಲೆ ಆಡುವವನೇ? ಮೂವತ್ನಾಲ್ಕು ವರ್ಷ ಬಿಳಿಯ ಹೊರತು ಬೇರೆ ಬಣ್ಣ ತೊಟ್ಟು ಮೈದಾನಕ್ಕೆ ಇಳಿದವನಲ್ಲ. ಪೆಟ್ಟಿಗೆಯಿಂದ ಹಳೆಯ ಡ್ರಿಲ್ ಪ್ಯಾಂಟು ತೆಗೆಸಿದೆ. ಗಂಜಿ ಹಾಕಿಸಿ, ಇಸ್ತ್ರಿ ಹೊಡೆಸಿದೆ. ಒಂದೊಂದು ಕಾಲಿನಲ್ಲಿ ಇಬ್ಬಿಬ್ಬರು ವಿದ್ಯಾರ್ಥಿಗಳು ಆರಾಮವಾಗಿ ನಿಲ್ಲಬಹುದಾದಂಥ ಪ್ಯಾಂಟು ಅದು. ಬಿಳಿ ಅಂಗಿ, ಬಿಳಿ ಕ್ಯಾನ್ವಾಸ್ ಬೂಟು. ಕನ್ನಡಿ ನೋಡಿಕೊಂಡು ನನಗೆ ನಾನೇ ಸೆಲ್ಯೂಟ್ ಹೊಡೆದೆ.

ಆ ಹೊತ್ತಿಗೆ ಒಳಗಿನಿಂದ ಸುಶೀಲಾ ಬಂದಳು. ನೋಡುತ್ತೇನೆ, ಸೀರೆ ಇಲ್ಲ! ಮಗಳು ಕೊಡಿಸಿದ್ದ ಕಡುನೀಲಿ ಕುರ್ತಾ, ಕೆಳಗೆ ಬಿಗಿಯಾದ ಕರೀ ಲೆಗ್ಗಿಂಗ್ಸು.

“ಈ ವಯಸ್ಸಿನಾಗೆ ಇದೇನೇ ವೇಷ?”

“ಬಸ್ ಹತ್ತಾಕೆ ಸೀರೆ ಕಾಲಿಗೆ ತೊಡರ್ತೈತ್ರಿ. ಇದ್ರಾಗೆ ಕಾಲು ಎತ್ತಿಡಾಕೆ ಸಲೀಸು.”

ಮೂವತ್ತು ವರ್ಷ ಸೀರೆಯಲ್ಲೇ ಬಸ್ಸು ಹತ್ತಿದವಳಿಗೆ ಈಗ ತೊಡರುತ್ತದಂತೆ! ಕಾಲ ಕೆಟ್ಟಿತು ಎಂದುಕೊಂಡು ಹೊರಟೆ.

ಕ್ಲಿನಿಕ್ಕು ಮಹಡಿಯ ಮೇಲಿತ್ತು. ನಾನು ಒಂದೊಂದೇ ಮೆಟ್ಟಿಲನ್ನು ಎಣಿಸಿಕೊಂಡು ಹತ್ತಿ ನಿಂತರೂ ಸುಶೀಲಾಳ ಪತ್ತೆ ಇಲ್ಲ. ಕೆಳಗೆ ಬಗ್ಗಿ ನೋಡಿದರೆ ಕಂಬಿ ಹಿಡಿದುಕೊಂಡು, ಮೆಟ್ಟಿಲಿಗೊಮ್ಮೆ ನಿಂತು ಬರುತ್ತಿದ್ದಾಳೆ. “ಆಪರೇಷನ್ ಆಗಿದ್ದು ನನಗೋ ನಿನಗೋ?” ಎಂದು ಮೇಲಿನಿಂದಲೇ ಗದರಿದೆ. ಕಾಯುತ್ತಾ ಕೂತಿದ್ದವರು ನಕ್ಕರು. ನನಗೂ ಖುಷಿಯಾಯಿತು.

ಡಾಕ್ಟರಮ್ಮ ಯಂತ್ರ ತೋರಿಸಿದರು. ಯಂತ್ರ ಎನ್ನುವಂಥದ್ದೇನೂ ಅಲ್ಲಿರಲಿಲ್ಲ. ಮೂರು ಕಾಲಿನ ಮೇಲೆ ನಿಲ್ಲಿಸಿದ ಎರಡು ಕ್ಯಾಮೆರಾ, ಮೇಜಿನ ಮೇಲೆ ಒಂದು ಕಂಪ್ಯೂಟರು, ನೆಲದ ಮೇಲೆ ನಡೆಯಲು ಉದ್ದನೆಯ ಹಸಿರು ಪಟ್ಟಿ. ಮೊದಲೆಲ್ಲ ನಡಿಗೆ ಅಳೆಯಬೇಕಾದರೆ ಮೈಯ ಕೀಲುಕೀಲಿಗೂ ಹೊಳೆಯುವ ಗುಂಡುಗಳನ್ನು ಅಂಟಿಸುತ್ತಿದ್ದರಂತೆ. ಈಗ ಅದು ಬೇಡವಂತೆ. ಕ್ಯಾಮೆರಾ ಸುಮ್ಮನೆ ನೋಡುತ್ತದಂತೆ. ಮಂಡಿ ಎಲ್ಲಿ, ಸೊಂಟ ಎಲ್ಲಿ, ಹಿಮ್ಮಡಿ ಎಲ್ಲಿ ಎಂದು ಕಂಪ್ಯೂಟರೇ ಪತ್ತೆ ಹಚ್ಚಿ, ಮನುಷ್ಯನ ಬದಲು ಪರದೆಯ ಮೇಲೆ ಒಂದು ತಂತಿ ಮನುಷ್ಯನನ್ನು ನಡೆಸುತ್ತದಂತೆ.

“ಕಾರ್ಟೂನ್ ಮಾಡೋರೂ ಇದನ್ನೇ ಬಳಸ್ತಾರೆ ಸರ್. ಇಲ್ಲಿ ಯಾರೋ ಒಬ್ರು ಕುಣೀತಾರೆ, ಅಲ್ಲಿ ಪರದೆ ಮೇಲೆ ಕರಡಿ ಕುಣಿಯುತ್ತೆ.”

“ಹಂಗಾದ್ರೆ ನಾನು ಕರಡಿನೋ?”

“ಛೇ, ಇಲ್ಲ ಸರ್. ನಿಮಗೆ ಬರೀ ತಂತಿ.”

ಸಾವಧಾನ್ ಆಗಿ ನಿಂತೆ. ಎದೆ ಮುಂದೆ, ಹೊಟ್ಟೆ ಒಳಗೆ, ನೋಟ ನೇರ. ಆ ಪಟ್ಟಿಯ ಮೇಲೆ ನಾನು ನಡೆದ ನಡಿಗೆಯಿದೆಯಲ್ಲ, ಅದನ್ನು ಚೌಕಟ್ಟು ಹಾಕಿಸಿ ಶಾಲೆಯ ಗೋಡೆಗೆ ತೂಗುಹಾಕಬಹುದಿತ್ತು. ಮುಗಿಸಿ ಹೆಮ್ಮೆಯಿಂದ ತಿರುಗಿದರೆ ಡಾಕ್ಟರಮ್ಮ ಪರದೆಯನ್ನೇ ನೋಡುತ್ತಾ ತುಟಿ ಕಚ್ಚಿಕೊಂಡಿದ್ದರು.

“ಸರ್, ಯಾರೂ ಕಾಣ್ತಿಲ್ಲ.”

“ಯಾರೂ ಅಂದ್ರೆ?”

“ಕಂಪ್ಯೂಟರ್‌ಗೆ ನೀವು ಕಾಣ್ತಿಲ್ಲ. ಬಿಳೀ ಗೋಡೆ, ಬಿಳೀ ಬಟ್ಟೆ, ಅದರ ಮೇಲೆ ಇಷ್ಟು ದೊಗಳೆ. ಒಳಗೆ ಕಾಲು ಇದಾವೆ ಅಂತಾನೇ ಅದಕ್ಕೆ ಗೊತ್ತಾಗ್ತಿಲ್ಲ.”

ನನ್ನ ಮೈ ಉರಿಯಿತು. ಇಡೀ ತಾಲ್ಲೂಕಿನ ಮಕ್ಕಳು ನನ್ನ ನೆರಳು ಕಂಡರೆ ಸಾಲು ನಿಲ್ಲುತ್ತಿದ್ದರು. ಇನ್‌ಸ್ಪೆಕ್ಟರುಗಳಿಗೆ ಕಂಡಿದ್ದೇನೆ, ಮಂತ್ರಿಗಳಿಗೆ ಕಂಡಿದ್ದೇನೆ. ಈ ಡಬ್ಬಿಗೆ ನಾನು ಕಾಣುವುದಿಲ್ಲವೇ? ಡಾಕ್ಟರಮ್ಮ ಒಂದು ನೀಲಿ ಚಡ್ಡಿ ತಂದು ಹಿಡಿದರು. ಲಾಡಿ ಕಟ್ಟುವ ಚಡ್ಡಿ! ಅದನ್ನು ಹಾಕಿಕೊಂಡರೆ ಪರದೆಯ ಮೇಲೆ ಕರಡಿಯೇ ಬರುವುದು ಖಾತ್ರಿ ಎಂದು ಸ್ಪಷ್ಟವಾಗಿ ನಿರಾಕರಿಸಿದೆ.

“ಹೋಗ್ಲಿ, ಇನ್ನೊಂದ್ಸಲ ನಡೀರಿ,” ಎಂದು ನಿಟ್ಟುಸಿರು ಬಿಟ್ಟು, ನಾನು ಬಿದ್ದರೆ ಹಿಡಿಯಲು ಪಟ್ಟಿಯ ಆ ತುದಿಯಲ್ಲಿ ಕಬಡ್ಡಿಯವರ ಹಾಗೆ ಕೈ ಚಾಚಿ ನಿಂತರು. ನಾನು “ಲೆಫ್ಟ್, ರೈಟ್” ಎಂದು ಎಣಿಕೆ ಶುರು ಮಾಡಿದೆ. ಎಣಿಕೆ ಕಿವಿಗೆ ಬಿದ್ದದ್ದೇ ತಡ, ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಸುಶೀಲಾ ಚೀಲ ಹೆಗಲಿಗೇರಿಸಿ ಎದ್ದಳು. ಆರು ವಾರದ ಅಭ್ಯಾಸ!

“ಅಮ್ಮಾ, ನೀವು ಬರಬೇಡಿ. ಇಬ್ರು ಬಂದ್ರೆ ಅದಕ್ಕೆ ಗೊಂದಲ ಆಗುತ್ತೆ.”

ಅವಳು ಕೂರಲು ಹೋದಳು. ನಾನು ಬಿಡಲಿಲ್ಲ. “ಅವಳು ಬರ್ಲಿ! ಸ್ಥಾಯಿ ಆದೇಶ ಐತೆ. ಗೊಂದಲ ಆದ್ರೆ ಅದು ನಿಮ್ಮ ಡಬ್ಬಿ ತಪ್ಪು, ನಮ್ಮದಲ್ಲ!”

ಹೊರಗೆ ಇನ್ನೂ ಐದಾರು ಜನ ಕಾಯುತ್ತಿದ್ದರು. ಡಾಕ್ಟರಮ್ಮ ಹೆಚ್ಚು ವಾದ ಮಾಡಲಿಲ್ಲ. ಮೂರು ಸಲ ಹೋಗಿ ಬಂದೆ. ಅವರು ಓಡಿ ಹೋಗಿ ಪರದೆ ನೋಡಿ, “ಬಂತು ಸರ್, ತಂತಿ ಬಂತು! ವರದಿ ಕಂಪ್ಯೂಟರೇ ಬರೆಯುತ್ತೆ, ಸಂಜೆ ಫೋನಿಗೆ ಕಳಿಸ್ತೀನಿ,” ಎಂದರು. ಬರದೆ ಏನು ಮಾಡುತ್ತದೆ? ನಡೆಯುವವನು ನಡೆದರೆ ಡಬ್ಬಿಯೂ ಕಣ್ಣು ಬಿಡಲೇಬೇಕು ಎಂದು ಬಸ್ಸಿನಲ್ಲಿ ಸುಶೀಲಾಗೆ ಹರಿಹರದವರೆಗೂ ವಿವರಿಸಿದೆ.

ಸಂಜೆ ವರದಿ ಬಂತು. ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಹೆಸರು, ರುದ್ರಪ್ಪ. ಎಡ ಮಂಡಿ ಪೂರ್ತಿ ನೆಟ್ಟಗಾಗುತ್ತಿಲ್ಲ. ಎಡಗಾಲಿನ ಮೇಲೆ ಭಾರ ಬಿಡುತ್ತಿಲ್ಲ. ಎಡ ಪಾದ ನೆಲಕ್ಕೆ ಉಜ್ಜುತ್ತಿದೆ. ಹೆಜ್ಜೆ ಗಿಡ್ಡ. ಬಹಳ ದಿನದ ನೋವು ಇರುವಂತಿದೆ, ತಡ ಮಾಡದೆ ತೋರಿಸಿಕೊಳ್ಳಿ. ಜೊತೆಗೆ ಒಂದು ವಿಡಿಯೋ. ಅದರಲ್ಲಿ ಒಂದು ನೀಲಿ ತಂತಿ ಮನುಷ್ಯ ಬಲಕ್ಕೆ ವಾಲಿಕೊಂಡು, ಎಡಗಾಲು ಎಳೆಯುತ್ತಾ, ಸಂತೆಯಿಂದ ಭಾರ ಹೊತ್ತು ಬಂದವರ ಹಾಗೆ ನಡೆಯುತ್ತಿದ್ದ. ಅದರ ಕೆಳಗೆ ನನ್ನ ಹೆಸರು!

ಎಡ! ಕೊಯ್ದದ್ದು ಬಲ! ಎಡಬಲ ಕಲಿಸುವುದರಲ್ಲೇ ತಲೆಕೂದಲು ಉದುರಿಸಿಕೊಂಡವನಿಗೆ, ಎಡಬಲವೇ ತಿಳಿಯದ ಡಬ್ಬಿ ವರದಿ ಕೊಡುವುದೆಂದರೇನು? ಒಂದು ಮಂಡಿ ಕೊಯ್ದಾಯಿತು, ಇನ್ನೊಂದಕ್ಕೂ ಕತ್ತಿ ಮಸೆಯುತ್ತಿದ್ದಾರೆ ಎಂದು ನನಗೆ ಆಗಲೇ ಹೊಳೆಯಿತು.

“ಸುಶೀಲಾ, ಬಾ ಇಲ್ಲಿ! ನೋಡು ಈ ಅನ್ಯಾಯ! ಇದು ನನ್ನ ನಡಿಗೆಯೇನೇ?”

ಅವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಫೋನು ತೆಗೆದುಕೊಂಡಳು. ಒಂದು ಸಲ ನೋಡಿದವಳೇ ಬೇಗ ವಾಪಸ್ಸು ಕೊಟ್ಟಳು.

“ಹೋಗ್ಲಿ ಬಿಡ್ರಿ. ಒಂದ್ಸಲ ಮಾರ್ಚ್ ಇಲ್ದಿದ್ರೆ ಏನಾಗ್ತೈತೆ?”

“ಏನಾಗ್ತೈತಾ? ಮರ್ಯಾದೆ ಹೋಗ್ತೈತೆ!”

ಮರ್ಯಾದೆ ಮಾರನೇ ದಿನ ಬೆಳಿಗ್ಗೆಯೇ ಹೋಯಿತು. ಹಾಲೇಶಿ ಬಂದು ವಿಡಿಯೋ ನೋಡಿ, ಸಾವಿನ ಮನೆಯಲ್ಲಿ ನಿಂತವನಂತೆ ತಲೆ ಬಗ್ಗಿಸಿದ. “ಬ್ಯಾಡ ಸಾರ್. ನೀವು ಹಿಂಗೆ ವಾಲಿದ್ರೆ ಹಿಂದಿನ ಸಾಲೆಲ್ಲ ವಾಲ್ತೈತೆ. ನೀವು ವೇದಿಕೆ ಮ್ಯಾಲೆ ಕುರ್ಚ್ಯಾಗೆ ಕೂಡ್ರಿ. ಶಾಲು ಹೊದಿಸ್ತೀವಿ.”

ಶಾಲು! ಶಾಲು ಹೊದಿಸಿದರೆಂದರೆ ಮನುಷ್ಯ ಮುಗಿದ ಎಂದೇ ಅರ್ಥ. ನಾನು ಒಪ್ಪುವವನಲ್ಲ. ಅಂದೇ ಸಂಜೆ ನೆರೆಹೊರೆಯವರನ್ನೆಲ್ಲ ಅಂಗಳದಲ್ಲಿ ಸೇರಿಸಿದೆ. ಮೊದಲು ನನ್ನ ನಡಿಗೆ ತೋರಿಸಿದೆ. ಆಮೇಲೆ ತಂತಿ ಮನುಷ್ಯನ ನಡಿಗೆ. ಬಲಕ್ಕೆ ವಾಲಿ, ಮುಖ ಕಿವುಚಿ, ಎಡಗಾಲು ‘ಸರ್ರ್’ ಎಂದು ಎಳೆದು ಅಂಗಳದ ತುಂಬ ಕುಂಟಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮತ್ತೊಮ್ಮೆ ಎಂದರು, ಮತ್ತೊಮ್ಮೆ ಕುಂಟಿದೆ. ಪಕ್ಕದ ಮನೆಯ ನಿಂಗಮ್ಮಜ್ಜಿ ಮಾತ್ರ ಗಂಭೀರವಾಗಿ, “ಮೇಷ್ಟ್ರೇ, ಆ ಕಂಪ್ಯೂಟ್ರಿಗೆ ಎಂಥದೋ ಗಾಳಿ ಹಿಡಿದೈತೆ. ಒಂದು ಅಮಾಸಿಗೆ ಉಕ್ಕಡಗಾತ್ರಿ ಗುಡಿಗೆ ಒಯ್ರಿ, ಅಲ್ಲಿ ಗಾಳಿ ಬಿಡಿಸ್ತಾರೆ,” ಎಂದು ಪರಿಹಾರ ಸೂಚಿಸಿದಳು.

ಸುಶೀಲಾ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಳು. ನನ್ನ ಕುಂಟಾಟ ಮುಗಿದ ಮೇಲೆ ತಟ್ಟೆ ಕೆಳಗಿಟ್ಟು ಒಳಗೆ ಹೋದಳು. ಕಲೆಗೆ ಮನೆಯಲ್ಲಿ ಬೆಲೆ ಎಲ್ಲಿದೆ ಎಂದು ನಾನು ಬಜ್ಜಿಗೆ ಕೈ ಹಾಕಿದೆ.

ಆ ರಾತ್ರಿಯೇ ಒಂಬತ್ತು ಅಂಶಗಳ ದೂರು ಸಿದ್ಧವಾಯಿತು. ‘ಮಾನ್ಯರೇ, ಈ ಕೆಳಗೆ ಸಹಿ ಮಾಡಿದ ರುದ್ರಪ್ಪನಾದ ನಾನು, ನನ್ನದಲ್ಲದ ಕಾಲನ್ನು ನನ್ನದೆಂದು ಘೋಷಿಸಿರುವ ತಮ್ಮ ಕ್ರಮವನ್ನು ಉಗ್ರವಾಗಿ ಖಂಡಿಸುತ್ತಾ...’ ಎಂದು ಶುರು. ಬೆಳಗಾಗುತ್ತಲೇ ಸಾಕ್ಷಿಗೆ ಹಾಲೇಶಿಯನ್ನು ಗಿರಣಿಯಿಂದ ಹಿಟ್ಟಿನ ಮೈಯಲ್ಲೇ ಎಬ್ಬಿಸಿಕೊಂಡು ಹೊರಟೆ. ಸುಶೀಲಾ ಹಿಂದೆ ಸರಿದಳು.

“ನಾನು ಬರಲ್ರಿ. ನೀವಿಬ್ರೇ ಹೋಗಿ ಬರ್ರಿ.”

“ಬರ್ಲೇಬೇಕು! ನನ್ನ ನಡಿಗೆಗೆ ನೀನೇ ಪ್ರತ್ಯಕ್ಷ ಸಾಕ್ಷಿ. ಆರು ವಾರ ಹಿಂದೆ ನಡೆದೋಳು ನೀನಲ್ಲದೆ ಯಾರು?”

ಕ್ಲಿನಿಕ್ಕಿನಲ್ಲಿ ನಿಂತುಕೊಂಡೇ ದೂರು ಓದಿದೆ. ಆರನೇ ಅಂಶ ಮುಗಿಯುವಷ್ಟರಲ್ಲಿ ಡಾಕ್ಟರಮ್ಮ, “ಸರ್, ಒಂದು ನಿಮಿಷ,” ಎಂದು ಅಂದಿನ ಮೂಲ ವಿಡಿಯೋ ತೆರೆದರು. ಬರೀ ತಂತಿಯಲ್ಲ, ಕ್ಯಾಮೆರಾ ಕಂಡದ್ದರ ಮೇಲೆಯೇ ತಂತಿ ಎಳೆದ ವಿಡಿಯೋ.

ಪರದೆಯ ಮೇಲೆ ಮುಂದುಗಡೆ ಇಸ್ತ್ರಿ ಮಾಡಿದ ಒಂದು ಬಿಳೀ ದುಪ್ಪಟಿ ತಾನೇ ತಾನಾಗಿ ನಡೆದುಹೋಗುತ್ತಿತ್ತು. ಅದು ನಾನು. ನನ್ನ ಮೈಮೇಲೆ ಒಂದು ಗೆರೆಯೂ ಇರಲಿಲ್ಲ. ನನ್ನ ಮೂರು ಹೆಜ್ಜೆ ಹಿಂದೆ, ಕರೀ ಬಿಗಿ ಬಟ್ಟೆಯಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು ಸುಶೀಲಾ ಬರುತ್ತಿದ್ದಳು. ತಲೆಯಿಂದ ಹಿಮ್ಮಡಿವರೆಗೆ ನೀಲಿ ತಂತಿ ಅವಳ ಮೈಮೇಲೆ. ಎಡ ಮಂಡಿಯ ಹತ್ತಿರ ಮಾತ್ರ ಕೆಂಪು ಚುಕ್ಕೆ. ಬಲಕ್ಕೆ ವಾಲುತ್ತಿದ್ದಳು. ಎಡಗಾಲು ಎಳೆಯುತ್ತಿದ್ದಳು.

ಹಾಲೇಶಿ ಪರದೆಯಿಂದ ಸುಶೀಲಾಳ ಕಾಲಿನ ಕಡೆ ಕಣ್ಣು ಹೊರಳಿಸಿದ.

“ಅಮ್ಮಾ,” ಎಂದರು ಡಾಕ್ಟರಮ್ಮ, “ಎಷ್ಟು ದಿನದಿಂದ ನೋವು?”

“ಎರಡು ವರ್ಷಾತು ಡಾಕ್ಟ್ರಮ್ಮ.”

“ಹೇಳಲೇ ಇಲ್ವಲ್ಲ?”

“ಇವ್ರ ಮಂಡಿದು ಒಂದು ಮುಗೀಲಿ ಅಂತ ಸುಮ್ನಿದ್ದೆ. ಮನ್ಯಾಗೆ ಇಬ್ರೂ ಕುಂತ್ರೆ ಎತ್ತೋರು ಯಾರು? ಆ ವಿಡಿಯೋ ನೋಡಿದಾಗ್ಲೇ ನಂದು ಅಂತ ಗೊತ್ತಾತು. ಹೇಳೋಣ ಅನ್ನೋದ್ರಾಗೆ ಇವ್ರು ಅಂಗಳದಾಗೆ ಅದನ್ನ ಮಾಡಿ ತೋರಿಸಾಕೆ ಹತ್ತಿದ್ರು. ಜನ ನಗ್ತಿದ್ರು. ಹೆಂಗೆ ಹೇಳ್ಲಿ?”

ನನ್ನ ಕೈಯಲ್ಲಿ ಇನ್ನೂ ಮೂರು ಅಂಶ ಬಾಕಿ ಇದ್ದವು. ಮಡಚಿ ಕಿಸೆಗೆ ಹಾಕಿಕೊಂಡೆ. ನಾಚಿಕೆಯಿಂದ ಕುಗ್ಗಿಹೋದೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸದ್ದಿನ ಮೇಲೆ ತಪ್ಪು ಕಾಲು ಹಿಡಿಯುತ್ತಿದ್ದವನು ನಾನು! ಆ ‘ಸರ್ರ್’ ಸದ್ದನ್ನು ದಿನಕ್ಕೆ ಎಂಬತ್ತು ಸುತ್ತು, ಆರು ವಾರ ಕೇಳಿದ್ದೆ. ಕೇಳಿ, ಹೆಜ್ಜೆ ಕೂಡಿಸು ಎಂದು ಕೂಗಿದ್ದೆ. ಅವಳ ಹೆಸರೂ ಗೊತ್ತಿಲ್ಲದ ಡಬ್ಬಿ ಒಂದು ಗಳಿಗೆ ನೋಡಿ, ಇವರಿಗೆ ಬಹಳ ದಿನದ ನೋವಿದೆ, ತಡ ಮಾಡಬೇಡಿ ಎಂದು ಬರೆದಿತ್ತು. ಆ ಡಬ್ಬಿಯ ಮೇಲೆ ನಾನು ದೂರು ತಂದಿದ್ದೆ.

ಹಾಲೇಶಿ ಮೆಲ್ಲಗೆ ಅಂದ. “ಹೆಸರು ನಿಮ್ದು, ಕಾಲು ಅಮ್ಮಾರ್ದು. ನಮ್ಮೂರ ದೇವರಂಗೆ ಆಗೈತಲ್ಲ ಸಾರ್, ಅರ್ಧ ಒಬ್ರು, ಅರ್ಧ ಒಬ್ರು.” ಹರಿಹರೇಶ್ವರನಿಗಾದರೂ ತನ್ನ ಇನ್ನರ್ಧಕ್ಕೆ ಏನಾಗಿದೆ ಎಂದು ತಿಳಿದಿರುತ್ತದೆ. ನನಗೆ ಅದೂ ತಿಳಿದಿರಲಿಲ್ಲ.

ಡಾಕ್ಟರಮ್ಮ ಅಂದೇ ಸುಶೀಲಾಳ ಮಂಡಿ ನೋಡಿದರು. ಸದ್ಯ ಕೊಯ್ಯುವಷ್ಟು ಕೆಟ್ಟಿಲ್ಲ, ವ್ಯಾಯಾಮ ಮಾಡಿದರೆ ಹಿಡಿತಕ್ಕೆ ಬರುತ್ತದೆ, ಆದರೆ ಇನ್ನು ಆರು ತಿಂಗಳು ಬಿಟ್ಟಿದ್ದರೆ ಕಷ್ಟವಿತ್ತು ಎಂದರು. ಆಮೇಲೆ ನನ್ನ ಕಡೆ ತಿರುಗಿ ಆ ನೀಲಿ ಚಡ್ಡಿ ಹಿಡಿದರು. ಈ ಸಲ ತುಟಿಪಿಟಿಕ್ ಎನ್ನದೆ ಲಾಡಿ ಕಟ್ಟಿಕೊಂಡೆ. ನಡೆದೆ. ತಂತಿ ಬಂತು. ನನ್ನ ಮಂಡಿ ಅಪ್ಪಟ ಸರಿ ಇತ್ತು. ಪಾಪದ ಡಾಕ್ಟರಮ್ಮ, ನನ್ನ ಜೋಲು ಮುಖ ನೋಡಿ ಸಮಾಧಾನಕ್ಕೆಂದು ಆ ತಂತಿಯ ಮೇಲೆ ಒಂದು ಕಾರ್ಟೂನು ತೊಡಿಸಿ ಕೊಟ್ಟರು. ಎದೆ ಸೆಟೆಸಿಕೊಂಡು ಮಾರ್ಚ್ ಮಾಡುವ ಒಂದು ಕರಡಿ! ಹಾಲೇಶಿ 'ಚೀಟಿ ಸಿಕ್ತು' ಎಂದು ಬರೆದು ಅದನ್ನು ಹಳೆಯ ವಿದ್ಯಾರ್ಥಿಗಳ ಗುಂಪಿಗೆಲ್ಲ ಹಂಚಿದ.

ಆಗಸ್ಟ್ ಹದಿನೈದರಂದು ನಾನೇ ಮುಂದೆ ನಡೆದೆ. ಬೀಳಲಿಲ್ಲ. ಆದರೆ ಮೂವತ್ನಾಲ್ಕು ವರ್ಷ ಬೆನ್ನ ಹಿಂದೆ ‘ಸೀಟಿ’ ಎನ್ನುತ್ತಿದ್ದವರು ಈಗ ಎದುರಿಗೇ “ಕರಡಿ ಸಾರ್ ಕೀ ಜೈ!” ಎಂದರು. ನನಗಾಗಿ ತಂದಿದ್ದ ಶಾಲು ದಂಡವಾಗಬಾರದೆಂದು ಹಾಲೇಶಿ ಅದನ್ನು, ಮಂಡಿಗೆ ಪಟ್ಟಿ ಸುತ್ತಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತಿದ್ದ ಸುಶೀಲಾಗೆ ಹೊದಿಸಿದ. ಚಪ್ಪಾಳೆ ಅವಳಿಗೇ ಜಾಸ್ತಿ ಬಿತ್ತು.

ಈಗ ಮಾಳಿಗೆಯ ಮೇಲೆ ನಡೆಯುವವಳು ಅವಳು. ಹತ್ತೇ ಸುತ್ತು, ನಿಧಾನಕ್ಕೆ. ಮೂರು ಹೆಜ್ಜೆ ಹಿಂದೆ ಚೀಲ ಹೊತ್ತು ನಾನು. ನನ್ನ ಉದ್ದನೆಯ ಹೆಜ್ಜೆಯನ್ನು ಅವಳ ಗಿಡ್ಡ ಹೆಜ್ಜೆಗೆ ಹೊಂದಿಸುವುದು ಸುಲಭವಲ್ಲ, ಬಾರಿಬಾರಿಗೆ ತಡವರಿಸುತ್ತೇನೆ. ಮೊನ್ನೆ ಹಾಗೇ ತಡವರಿಸಿದಾಗ ಅವಳು ಥಟ್ಟನೆ ನಿಂತಳು. ತಿರುಗಿ ನನ್ನ ಕಾಲು ನೋಡಿದಳು.

“ಯಾಕ್ರೀ, ಸದ್ದು ಬ್ಯಾರೆ ಐತೆ? ಬಲಗಾಲು ನೋಯ್ತೈತೇನು?”

“ಇಲ್ಲ ಕಣೇ,” ಎಂದೆ. “ಹೆಜ್ಜೆ ತಪ್ಪಿದ್ದು ನಂದೇ.”